ಮಗಳಿಗೊಂದು ಪತ್ರ: ಅಚ್ಚಾಗದೆ ಉಳಿದ ಹೆಸರುಗಳು

ಪುಟ್ಟಿ,

ಭಾನುವಾರ ಫೋನಿನಲ್ಲಿ ನಡೆದದ್ದನ್ನು ಮತ್ತೆ ಕೆದಕುವುದಿಲ್ಲ, ಇಬ್ಬರಿಗೂ ನೆನಪಿದೆ. ಅಷ್ಟು ದನಿ ಏರಿಸಬಾರದಿತ್ತು, ಬೇಜಾರು ಮಾಡಿಕೊಳ್ಳಬೇಡ. ಆದರೆ ನೀನು ಕಳಿಸಿದ ಕಾರ್ಯಕ್ರಮದ ಪಟ್ಟಿಯ ವಿಷಯದಲ್ಲಿ ನನ್ನ ಮಾತು ಹಾಗೇ ಇದೆ. ಅದರಲ್ಲಿ ‘ಶರ್ಲಿ ಟೆಂಪಲ್ ಅವರ ಮೆಟ್ಟಿಲು ನೃತ್ಯ’ ಎಂದು ಅಚ್ಚಾಗಿದೆ. ಅದು ಬಿಲ್ ರಾಬಿನ್ಸನ್ ಅವರ ನೃತ್ಯ. ಬೂಟಿನ ಸದ್ದಿನಿಂದಲೇ ತಾಳ ಹಾಕುವ ಟ್ಯಾಪ್ ನೃತ್ಯದ ದೊಡ್ಡ ಕರಿಯ ಕಲಾವಿದ ಅವರು, ಟೆಂಪಲ್ ಅವರ ಜೊತೆ ಸಿನಿಮಾದಲ್ಲಿ ಕುಣಿದ ಬಾಲನಟಿ. ಅದನ್ನು ಕುಣಿಯುವವಳು ನೀನು. ಅದು ಮುಗಿದ ಕೂಡಲೇ ಓದಿಗೆ ರಜೆ ಹಾಕಿ ನ್ಯೂಯಾರ್ಕಿಗೆ ಆಡಿಷನ್ನಿಗೆ ಹೊರಡುವವಳೂ ನೀನೇ. ಫೋನಿನಲ್ಲಾದರೆ ಮಾತು ಅಡ್ಡದಾರಿ ಹಿಡಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ರಾಬಿನ್ಸನ್ ಹುಟ್ಟಿದ್ದು 1878ರಲ್ಲಿ, ವರ್ಜೀನಿಯಾದ ರಿಚ್ಮಂಡ್‌ನಲ್ಲಿ. 1935ರಲ್ಲಿ ‘ದಿ ಲಿಟಲ್ ಕರ್ನಲ್’ ಬರುವ ಹೊತ್ತಿಗೆ ಅವರಿಗೆ 56, ಟೆಂಪಲ್‌ಗೆ ಆರು. ಮೆಟ್ಟಿಲು ನೃತ್ಯವನ್ನು ಅವರು ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ ವಾಡ್‌ವಿಲ್ ಎಂಬ ಹಾಡು, ಕುಣಿತ, ನಗೆಯ ರಂಗದ ಮೇಲೆ ಮಾಡುತ್ತಿದ್ದರು. ಒಂದು ಕಡೆಯಿಂದ ಹತ್ತಿ ಇನ್ನೊಂದು ಕಡೆಯಿಂದ ಇಳಿಯುವಂಥ ಸಣ್ಣ ಮೆಟ್ಟಿಲಸಾಲು, ಒಂದೊಂದು ಮೆಟ್ಟಿಲಿಗೆ ಒಂದೊಂದು ಸದ್ದು. ಸಿನಿಮಾದಲ್ಲಿ ಅವರಿಗೆ ಸಿಕ್ಕಿದ್ದು ಮನೆಯಾಳಿನ ಪಾತ್ರ. ಮಗು ಮಲಗಲು ಹಟ ಮಾಡುತ್ತದೆ, ಆಳು ಕುಣಿದು ಮಹಡಿಗೆ ಕರೆದೊಯ್ಯುತ್ತಾನೆ. ಕರಿಯ ಗಂಡಸು ಬಿಳಿಯ ಹುಡುಗಿಯ ಕೈ ಹಿಡಿದಿದ್ದಾನೆ ಎಂಬ ಕಾರಣಕ್ಕೆ ಅಮೆರಿಕದ ದಕ್ಷಿಣದ ಊರುಗಳಲ್ಲಿ ಆ ದೃಶ್ಯಕ್ಕೆ ಕತ್ತರಿ ಬಿತ್ತು. ಕಲಿಸಿದವರು ಅವರು, ಹೆಸರು ಉಳಿದದ್ದು ಮಗುವಿನದು. ತೊಂಬತ್ತು ವರ್ಷ ಕಳೆದ ಮೇಲೂ ನಿಮ್ಮ ಪಟ್ಟಿಯಲ್ಲಿ ಅದೇ ಆಗಿದೆ, ನನಗೆ ಸಿಟ್ಟು ಬಂದದ್ದು ಅದಕ್ಕೆ.

ಈಗ ಕಾಲಿನ ವಿಷಯ. ನೀನು ಕಳಿಸಿದ ವಿಡಿಯೋ ತಿರುತಿರುಗಿ ನೋಡಿದೆ. ಚೆನ್ನಾಗಿ ಮಾಡುತ್ತೀಯ, ಅಪ್ಪನಿಗೂ ತೋರಿಸಿದೆ, ಪಕ್ಕದ ಮನೆಯವರಿಗೂ ತೋರಿಸಿದೆ. ಆದರೆ ಚಿಕ್ಕಂದಿನಿಂದ ಭರತನಾಟ್ಯದ ತಟ್ಟಡವು ಮಾಡಿದ ಕಾಲು ನಿನ್ನದು. ಅರೆಮಂಡಿಯಲ್ಲಿ ಕೂತು ಇಡೀ ಪಾದ ನೆಲಕ್ಕೆ ಬೀಳಬೇಕು ಎಂದು ಅದು ಕಲಿತುಬಿಟ್ಟಿದೆ. ಟ್ಯಾಪ್‌ನಲ್ಲಿ ಭಾರ ಮುಂಗಾಲಿನ ಮೇಲಿರಬೇಕು, ಹಿಮ್ಮಡಿ ಕೂದಲೆಳೆಯಷ್ಟು ಎದ್ದಿರಬೇಕು, ಪಾದದ ಕೀಲು ಸಡಿಲವಾಗಿರಬೇಕು. ನಿನ್ನ ಶಫಲ್ ಮಂಡಿಯಿಂದ ಹೊರಡುತ್ತಿದೆ. ಅದಕ್ಕೇ ಮುಂದಕ್ಕೆ ಸವರುವ ಸದ್ದು, ಹಿಂದಕ್ಕೆ ಎಳೆಯುವ ಸದ್ದು ಎರಡೂ ಕಲೆತು ಒಂದೇ ಆಗಿ ಕೇಳಿಸುತ್ತಿವೆ. ಗೋಡೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲು, ತೊಡೆ ಅಲುಗದಂತೆ ನೋಡಿಕೊಂಡು ಪಾದವನ್ನಷ್ಟೇ ಆಡಿಸು. ಮೊದಲು ನಿಧಾನ, ಎರಡು ಸದ್ದೂ ಬಿಡಿಬಿಡಿಯಾಗಿ ಸಮತೂಕದಲ್ಲಿ ಬಂದ ಮೇಲೆ ವೇಗ.

ಟೈಮ್ ಸ್ಟೆಪ್, ಅಂದರೆ ತಾಳ ಹಿಡಿದುಕೊಡುವ ಆ ಮೂಲ ನಡೆ ಕೂಡ ತಪ್ಪುತ್ತಿದೆ. ಅದು ಹೊರಡುವುದು ಹಿಂದಿನ ಬಾರ್‌ನ, ಅಂದರೆ ಹಿಂದಿನ ಆವರ್ತದ, 8ನೇ ಎಣಿಕೆಯಲ್ಲಿ ಪಾದ ಬಡಿಯುವ ಸ್ಟಾಂಪ್‌ನಿಂದ. ನೀನು 1ಕ್ಕೆ ಕಾಯುತ್ತೀಯ, ಆಗ ಇಡೀ ನಡೆ ಒಂದು ಎಣಿಕೆ ತಡವಾಗಿ ಸಂಗೀತದ ಬೆನ್ನು ಹತ್ತಿ ಓಡುತ್ತದೆ. ಆರು ಬಾರ್ ಒಂದೇ ನಡೆ, ಉಳಿದ ಎರಡು ಬಾರ್ ಬ್ರೇಕ್, ಅಂದರೆ ಮುಗಿಸುವ ಬೇರೆ ನಡೆ. ಜತಿಯ ಕೊನೆಯಲ್ಲಿ ತೀರ್ಮಾನ ಬಂದ ಹಾಗೆ ಅದು. ಬ್ರೇಕ್ ಚೊಕ್ಕವಾಗಿ ಬರದಿದ್ದರೆ ಮೊದಲ ಆರು ಬಾರ್ ಎಷ್ಟು ಚೆನ್ನಾಗಿದ್ದರೂ ಕೇಳುವವರ ಕಿವಿ ತುಂಬುವುದಿಲ್ಲ.

ರಾಬಿನ್ಸನ್ ಕುಣಿಯುತ್ತಿದ್ದದ್ದು ಮರದ ಅಟ್ಟೆಯ ಬೂಟಿನಲ್ಲಿ. ನಿನ್ನ ಬೂಟಿನ ಲೋಹ ಸುಮ್ಮನೆ ಮುಟ್ಟಿದರೂ ಕೂಗುತ್ತದೆ, ಆದ್ದರಿಂದ ಮೆಟ್ಟಿಲ ಮೇಲೆ ಕಾಲಿನ ಬಲ ಅರ್ಧಕ್ಕೆ ಇಳಿಸು. ಮೆಟ್ಟಿಲಿನ ಮುಂಭಾಗದ ಹಲಗೆಗೆ ಬೂಟಿನ ತುದಿ ತಾಗಿಸಿ ತೆಗೆಯುವ ಆ ಹೆಚ್ಚುವರಿ ಸದ್ದನ್ನು ಗಮನಿಸಿದ್ದೀಯಾ? ಪುಟ್ಟ ಮಗುವಿಗೆ ಕಷ್ಟದ ನಡೆ ಹೊರಿಸದೆ ಸದ್ದನ್ನಷ್ಟೇ ದುಪ್ಪಟ್ಟು ಮಾಡುವ ಉಪಾಯ ಅದು. ಎಷ್ಟು ದೊಡ್ಡ ಮೇಷ್ಟರು ಎಂದು ಅಲ್ಲಿ ತಿಳಿಯುತ್ತದೆ. ಇನ್ನೊಂದು ಮಾತು: ಆ ಕಾಲದ ಸಿನಿಮಾಗಳಲ್ಲಿ ಕಾಲಿನ ಸದ್ದನ್ನು ಸಾಮಾನ್ಯವಾಗಿ ಆಮೇಲೆ ಬೇರೆಯಾಗಿ ಮುದ್ರಿಸಿ ಸೇರಿಸುತ್ತಿದ್ದರು. ರಂಗದ ಮೇಲೆ ನಿನಗೆ ಅಷ್ಟು ಸ್ಪಷ್ಟ ಸದ್ದು ಬರಲಿಲ್ಲವೆಂದು ನೆಲ ಒಡೆಯುವ ಹಾಗೆ ಕಾಲು ಬಡಿಯಬೇಡ.

ಇನ್ನೊಬ್ಬ ಕರಿಯ ಟ್ಯಾಪ್ ನರ್ತಕ ಜಾನ್ ಬಬಲ್ಸ್ ಅವರನ್ನೂ ನೋಡಲೇಬೇಕು. ರಾಬಿನ್ಸನ್ ಮುಂಗಾಲಿನ ಮೇಲೆ ನೆಟ್ಟಗೆ ಕುಣಿದವರು. ಬಬಲ್ಸ್ ತಾಳದ ಓಟವನ್ನು ಅರ್ಧಕ್ಕೆ ಇಳಿಸಿದರು, ಹಾಗೆ ಸಿಕ್ಕ ಜಾಗದಲ್ಲಿ ಹಿಮ್ಮಡಿಯನ್ನು ಎದುರುಪೆಟ್ಟಿಗೆ, ಅಂದರೆ ಎರಡು ತಾಳಪೆಟ್ಟುಗಳ ನಡುವೆ, ಬೀಳಿಸುತ್ತಾ ಹೋದರು. ಇವತ್ತು ರಿದಮ್ ಟ್ಯಾಪ್ ಎಂದು ನಿಮಗೆ ಕಲಿಸುವುದೆಲ್ಲ ಅಲ್ಲಿಂದ ಬಂದದ್ದು. 1936ರ ‘ಸ್ವಿಂಗ್ ಟೈಮ್’ನಲ್ಲಿ ಬಿಳಿಯ ನಟ, ನರ್ತಕ ಫ್ರೆಡ್ ಆಸ್ಟೇರ್ ಮುಖಕ್ಕೆ ಕಪ್ಪು ಬಳಿದುಕೊಂಡು ರಾಬಿನ್ಸನ್ ಹೆಸರಿನಲ್ಲಿ ಒಂದು ನೃತ್ಯ ಮಾಡುತ್ತಾರೆ. ಆದರೆ ಅಲ್ಲಿನ ಕಾಲು ಬಬಲ್ಸ್ ಅವರದು, ವೇಷವೂ ಬಬಲ್ಸ್ ರಂಗದ ಮೇಲೆ ಮಾಡಿದ ಪಾತ್ರದ್ದು. ಬಬಲ್ಸ್ ಅವರಿಗೇ ದೊಡ್ಡ ಸ್ಟುಡಿಯೋದ ಚಿತ್ರದಲ್ಲಿ ಹೇಳಿಕೊಳ್ಳುವಂಥ ಪಾತ್ರ ಸಿಗಲು 1943ರ ‘ಕ್ಯಾಬಿನ್ ಇನ್ ದಿ ಸ್ಕೈ’ವರೆಗೆ ಕಾಯಬೇಕಾಯಿತು.

ನನ್ನ ನಿದ್ದೆ ಕೆಡಿಸಿರುವುದು ಜೆನಿ ಲೆಗಾನ್. ಹೇಳಿದ್ದೇ ಹೇಳುತ್ತೇನೆ ಅನ್ನಬೇಡ, ಓದು. ಶಿಕಾಗೋದ ಕರಿಯ ಹುಡುಗಿ, 1916ರಲ್ಲಿ ಹುಟ್ಟಿದವಳು. ಹೆಂಗಸರು ಲಂಗ ತೊಟ್ಟು ನಾಜೂಕಾಗಿ ಕುಣಿಯುತ್ತಿದ್ದ ಕಾಲದಲ್ಲಿ ಪ್ಯಾಂಟು ಹಾಕಿ, ಲಾಗ ಹೊಡೆದು, ಗಂಡಸರ ನಡೆಗಳನ್ನೆಲ್ಲ ಮಾಡಿದವಳು. 1935ರಲ್ಲಿ ‘ಹೂರೇ ಫಾರ್ ಲವ್’ ಚಿತ್ರದಲ್ಲಿ ರಾಬಿನ್ಸನ್ ಮತ್ತು ಫ್ಯಾಟ್ಸ್ ವಾಲರ್ ಜೊತೆ ಕುಣಿದಾಗ ಅವಳಿಗೆ ಹತ್ತೊಂಬತ್ತೂ ತುಂಬಿರಲಿಲ್ಲ. ನಿನಗಿಂತ ಚಿಕ್ಕವಳು. ಅದನ್ನು ಕಂಡು ಎಂಜಿಎಂ ಸ್ಟುಡಿಯೋ ದೀರ್ಘಾವಧಿಯ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿತು. ಆ ಮನೆಯಲ್ಲಿ ಎಷ್ಟು ಸಂಭ್ರಮವಾಗಿರಬೇಕು ಯೋಚಿಸು. ಆದರೆ ಆ ಒಪ್ಪಂದದಿಂದ ಒಂದು ಚಿತ್ರವೂ ಹುಟ್ಟಲಿಲ್ಲ. ಅದೇ ಸ್ಟುಡಿಯೋದಲ್ಲಿ ಬಿಳಿಯ ಟ್ಯಾಪ್ ನರ್ತಕಿ ಎಲಿನೋರ್ ಪೊವೆಲ್ ಇದ್ದರು. ಟ್ಯಾಪ್ ಮಾಡುವ ಹೆಂಗಸು ಒಬ್ಬಳೇ ಸಾಕು ಎಂದಾಯಿತು, ಇಬ್ಬರಲ್ಲಿ ಯಾರು ಉಳಿಯುತ್ತಾರೆ ಎಂಬುದಕ್ಕೆ ಕಾಲಿನ ಪರೀಕ್ಷೆ ನಡೆಯಲಿಲ್ಲ. ಜೆನಿ 1936ರಲ್ಲಿ ಲಂಡನ್ನಿಗೆ ಹೋದಳು, ಅಲ್ಲಿ ರಂಗದ ಮೇಲೆ ಕುಣಿದಳು. ತಿರುಗಿ ಬಂದ ಮೇಲೆ ಹಾಲಿವುಡ್ ಅವಳಿಗೆ ಕೊಟ್ಟದ್ದು ಹೆಚ್ಚಾಗಿ ಮನೆಗೆಲಸದವಳ ಪಾತ್ರ.

1948ರ ‘ಈಸ್ಟರ್ ಪರೇಡ್’ನಲ್ಲೂ ಮನೆಗೆಲಸದವಳೇ. ನಾಯಕ ಆಸ್ಟೇರ್. ಹದಿಮೂರು ವರ್ಷ ಹಿಂದೆ ಒಂದೇ ಸ್ಟುಡಿಯೋದಲ್ಲಿ ಅಭ್ಯಾಸ ಮಾಡುವಾಗ ನಡೆಗಳನ್ನು ಹಂಚಿಕೊಂಡಿದ್ದವರು, ಈ ಸಲ ಸೆಟ್ಟಿನಲ್ಲಿ ಒಂದು ಮಾತೂ ಆಡಲಿಲ್ಲ ಎಂದು ಜೆನಿಯೇ ಮುಂದೆ ಹೇಳಿಕೊಂಡಿದ್ದಾಳೆ. ಆ ಬೂಟಿನೊಳಗಿದ್ದ ಕಾಲು ಅದೇ, ಕಲಿತ ವಿದ್ಯೆ ಅದೇ. ಕೈಗೆ ತಟ್ಟೆ ಕೊಟ್ಟು ಬಾಗಿಲ ಪಕ್ಕ ನಿಲ್ಲಿಸಿದರು. ನಿನ್ನ ಚರ್ಮದ ಬಣ್ಣ, ನಿನ್ನ ಉಚ್ಚಾರ ನೋಡಿ ಅಲ್ಲಿ ಯಾರಾದರೂ ನಿನಗೂ ಅಂಥದೇ ಒಂದು ಮೂಲೆ ತೋರಿಸುತ್ತಾರೆ ಎಂದು ನನಗೆ ಹೆದರಿಕೆ. ಕಾಲ ಬದಲಾಗಿದೆ ಅನ್ನುತ್ತೀಯ. ಬದಲಾಗಿದೆ, ಒಪ್ಪಿದೆ. ನಿನಗೂ ಅವಳಿಗೂ ಹೋಲಿಕೆಯೇ ಅಲ್ಲ, ಅವಳ ಜನ ಅನುಭವಿಸಿದ್ದು ಬೇರೆಯೇ ತೂಕದ್ದು, ಅದೂ ಗೊತ್ತು. ಆದರೂ ರಾತ್ರಿ ಲೈಟು ಆರಿಸಿದ ಮೇಲೆ ಆ ಸಹಿ ಹಾಕಿದ ಕಾಗದವೇ ಕಣ್ಣ ಮುಂದೆ ಬರುತ್ತದೆ. ಜೆನಿ ಸೋತಳು ಎಂದು ಮಾತ್ರ ತಿಳಿಯಬೇಡ. 1969ರಲ್ಲಿ ಕೆನಡಾದ ವ್ಯಾಂಕೂವರ್‌ಗೆ ಹೋಗಿ ನೆಲೆಸಿ, ಟ್ಯಾಪ್ ಕಲಿಸುತ್ತಾ 96 ವರ್ಷ ಬದುಕಿದಳು.

ಆ ಹೊತ್ತಿನಲ್ಲಿ ಕೆಲಸ ಸಿಕ್ಕವರಿಗೂ ಸಿಕ್ಕದ್ದು ಎಂಥ ಕೆಲಸ ನೋಡು. ಫೇಯಾರ್ಡ್ ಮತ್ತು ಹೆರಾಲ್ಡ್ ನಿಕೊಲಸ್ ಎಂಬ ಕರಿಯ ನರ್ತಕ ಸಹೋದರರು 1940ರ ‘ಡೌನ್ ಅರ್ಜೆಂಟೈನ್ ವೇ’ನಲ್ಲಿ ಬಂದು, ಕುಣಿದು, ಹೋಗುತ್ತಾರೆ. ಕಥೆಯಲ್ಲಿ ಯಾರೊಂದಿಗೂ ಅವರಿಗೆ ಸಂಬಂಧವಿಲ್ಲ. ಸಂಬಂಧವಿಲ್ಲದ ತುಂಡನ್ನು ಕತ್ತರಿಸಿದರೆ ಕಥೆ ಹರಿಯುವುದಿಲ್ಲವಲ್ಲ, ದಕ್ಷಿಣದ ಚಿತ್ರಮಂದಿರಗಳಿಗೆ ಅದೇ ಅನುಕೂಲ. 1948ರ ‘ದಿ ಪೈರೇಟ್’ನಲ್ಲಿ ಬಿಳಿಯ ನಾಯಕ ಜೀನ್ ಕೆಲ್ಲಿ ಅವರಿಬ್ಬರನ್ನೂ ತನ್ನ ಪಕ್ಕದಲ್ಲೇ ನಿಲ್ಲಿಸಿಕೊಂಡು ಕುಣಿದರು, ಆ ಭಾಗವನ್ನೂ ಕೆಲವು ಊರುಗಳಲ್ಲಿ ಕತ್ತರಿಸಿದರು.

1943ರ ‘ಸ್ಟಾರ್ಮಿ ವೆದರ್’ನ ಮೆಟ್ಟಿಲು ದೃಶ್ಯ ನೀನು ನೋಡಿರುತ್ತೀಯ. ಒಬ್ಬರ ತಲೆಯ ಮೇಲಿಂದ ಒಬ್ಬರು ಹಾರಿ, ಒಂದೊಂದೇ ಮೆಟ್ಟಿಲಿಗೆ ಕಾಲು ಚಾಚಿ ಸ್ಪ್ಲಿಟ್‌ನಲ್ಲಿ ಬೀಳುತ್ತಾರೆ, ಕೈ ನೆಲಕ್ಕೆ ಊರದೆ ಏಳುತ್ತಾರೆ. ಏಳುವ ಬಲವೆಲ್ಲ ತೊಡೆಯ ಒಳಭಾಗದ್ದು, ಎರಡು ಕಾಲನ್ನೂ ಕತ್ತರಿ ಮುಚ್ಚಿದಂತೆ ಒಳಕ್ಕೆ ಎಳೆದುಕೊಳ್ಳಬೇಕು. ಅದನ್ನು ದಯವಿಟ್ಟು ಪ್ರಯತ್ನಿಸಬೇಡ. ನೆಲದ ಮೇಲೆ ನಿಧಾನವಾಗಿ ಇಳಿದು, ಕೈ ಊರದೆ ನಿಧಾನವಾಗಿ ಏಳಲು ಬರುವ ತನಕ ಹಾರುವ ಮಾತೇ ಬೇಡ. ತೊಡೆಯ ಹಿಂಭಾಗದ ಸ್ನಾಯು ಹರಿದರೆ ತಿಂಗಳುಗಟ್ಟಲೆ ಕೂರಬೇಕಾಗುತ್ತದೆ. ಸಿಮೆಂಟ್ ನೆಲದ ಮೇಲೆ ಅಭ್ಯಾಸ ಮಾಡಬೇಡ, ಮೊಣಕಾಲಿನ ಕೆಳಗಿನ ಮೂಳೆ ನೋಯಲು ಶುರುವಾದರೆ ಬೇಗ ಬಿಡುವುದಿಲ್ಲ. ಮರದ ನೆಲ ಹುಡುಕು, ಕೆಳಗೆ ಟೊಳ್ಳು ಇರುವಂಥದ್ದು. ಕುಣಿಯುವ ಮುನ್ನ ಬೂಟಿನಡಿಯ ಲೋಹದ ಟ್ಯಾಪ್‌ನ ಸ್ಕ್ರೂ ನೋಡಿಕೋ. ಸಡಿಲವಾದರೆ ಗಿಜಿಗಿಜಿ ಎನ್ನುತ್ತದೆ, ನೆಲವೂ ಗೀರುತ್ತದೆ. ತೀರಾ ಬಿಗಿದರೆ ಸದ್ದು ಉಸಿರುಗಟ್ಟುತ್ತದೆ.

ಮತ್ತೆ ಪಾಠ ಶುರು ಮಾಡಿದೆ ಅನ್ನುತ್ತೀಯ. ಇನ್ನು ಎರಡೇ ಮಾತು. ಪಟ್ಟಿಯನ್ನು ಮರುಮುದ್ರಿಸಲು ಆಗದಿದ್ದರೆ ಒಂದು ಚೀಟಿಯನ್ನಾದರೂ ಒಳಗೆ ಇಡಿಸು: ‘ನೃತ್ಯ: ಬಿಲ್ ರಾಬಿನ್ಸನ್, 1935’ ಎಂದಿದ್ದರೆ ಸಾಕು. ಮೇಷ್ಟರ ಹತ್ತಿರ ಜಗಳವಾಡಬೇಡ, ಆದರೆ ಕೇಳದೆ ಬಿಡಬೇಡ. ನ್ಯೂಯಾರ್ಕಿನಲ್ಲಿ ಯಾರು ಯಾವ ಕಾಗದ ಕೊಟ್ಟರೂ ಅಲ್ಲೇ ನಿಂತು ಸಹಿ ಹಾಕಬೇಡ. ಎಷ್ಟು ಅವಧಿ, ಕೆಲಸ ಕೊಡದಿದ್ದರೂ ಸಂಬಳ ಉಂಟೋ, ಆ ಅವಧಿಯಲ್ಲಿ ಬೇರೆ ಕಡೆ ಕುಣಿಯಬಹುದೋ, ಮೂರನ್ನೂ ಬರಹದಲ್ಲಿ ತೋರಿಸಿ ಎಂದು ಕೇಳು. ಫೋಟೋ ತೆಗೆದು ನಮಗೆ ಕಳಿಸು, ನಿಮ್ಮ ಮಾವ ವಕೀಲರಿಗೆ ತೋರಿಸುತ್ತಾರೆ.

ಹೋಗಬೇಡ ಎಂದು ಇನ್ನು ಹೇಳುವುದಿಲ್ಲ. ಮೊದಲ ಎರಡು ತಿಂಗಳ ಬಾಡಿಗೆ ಅಪ್ಪ ಹಾಕುತ್ತಾರಂತೆ, ಯಾವ ಖಾತೆಗೆ ಎಂದು ಅವರಿಗೆ ಬರೆ.

ನಿನ್ನ,
ಅಮ್ಮ