ಟ್ರಿಪ್ ಆಗುವ ಲೈನ್: ಹುಡುಕುವ ಕೆಲಸಕ್ಕೂ ಕೂಲಿ ಸಿಗಲಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ರಾಯಚೂರಿನ ಮನೆಗಳಲ್ಲಿ ಕೂಲರ್, ಎ.ಸಿ.ಗಳ ಜೊತೆಗೆ ಡಿಬಿ ಬಾಕ್ಸಿನ ಎಂಸಿಬಿಯೋ ಆರ್‌ಸಿಸಿಬಿಯೋ ಹೊತ್ತುಗೊತ್ತಿಲ್ಲದೆ ಬೀಳುವ ಕಾಟವೂ ಶುರುವಾಗುತ್ತದೆ. ಡಿಬಿ ಎಂದರೆ ಮನೆಯ ಲೈನುಗಳು ಕವಲೊಡೆಯುವ ಪೆಟ್ಟಿಗೆ; ಕರೆಂಟ್ ಮಿತಿ ಮೀರಿದರೆ ತಾನಾಗಿ ಬಿದ್ದು (ಟ್ರಿಪ್ ಆಗಿ) ಲೈನ್ ಕಡಿಯುವ ಸ್ವಿಚ್ ಎಂಸಿಬಿ, ಕರೆಂಟ್ ಸೋರಿದರೆ ಹಾಗೆ ಕಡಿಯುವುದು ಆರ್‌ಸಿಸಿಬಿ. ವೈರ್‌ಮ್ಯಾನ್ ಬಂದು ನೋಡಿದಾಗ ಎಲ್ಲವೂ ಸರಿಯಾಗಿರುತ್ತದೆ. ಅವರು ಹೋದ ರಾತ್ರಿ ಮತ್ತೆ ಲೈನ್ ಹೋಗುತ್ತದೆ. ಕೊನೆಗೆ 16 ಆಂಪಿಯರ್ ಎಂಸಿಬಿ ಕಿತ್ತು 32ರದ್ದನ್ನು ಕೂರಿಸುವುದು, ಇಲ್ಲವೇ ಆರ್‌ಸಿಸಿಬಿಯನ್ನು ಬಿಟ್ಟು ‘ಡೈರೆಕ್ಟ್’ ಮಾಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಇದಕ್ಕೆ ವೈರ್‌ಮ್ಯಾನ್‌ಗಳಷ್ಟೇ ಹೊಣೆಯಲ್ಲ, ಮನೆಯವರಾದ ನಾವೂ ಹೊಣೆ ಎಂಬುದು ನನ್ನ ಅನಿಸಿಕೆ.

ಎಂಸಿಬಿ ಮುಖ್ಯವಾಗಿ ಕಾಯುವುದು ಗೋಡೆಯೊಳಗಿನ ತಂತಿಯನ್ನು. ಮಾನದಂಡದ ಪ್ರಕಾರ ಅದು ತನ್ನ ಅಂಕಿಯ 1.45 ಪಟ್ಟು ಕರೆಂಟ್ ಹರಿದಾಗ ಒಂದು ಗಂಟೆಯೊಳಗೆ ಬಿದ್ದರೆ ಸಾಕು. ಅಂದರೆ 32 ಆಂಪಿಯರ್ ಎಂಸಿಬಿ, 46 ಆಂಪಿಯರ್ ಹರಿಯುತ್ತಿದ್ದರೂ ಒಂದು ಗಂಟೆಯ ತನಕ ಸುಮ್ಮನಿರಬಹುದು. ಪ್ಲಗ್ ಪಾಯಿಂಟ್‌ಗಳಿಗೆ ಎಳೆದ 2.5 ಚದರ ಮಿ.ಮೀ. ತಂತಿ ಪೈಪಿನೊಳಗೆ ಅಷ್ಟನ್ನು ತಾಳಲಾರದು. ಎಂಸಿಬಿ ಆನ್ ಮಾಡಿದ ಕೂಡಲೇ ಬಿದ್ದರೆ ಶಾರ್ಟ್ ಹುಡುಕಬೇಕು; ಕೆಲವು ನಿಮಿಷ ನಿಂತು ಬಿದ್ದರೆ ಅದು ಕಾವಿನ ಮಾತು. ಈ ಸಾಧನಗಳನ್ನು ಹೊಂದಿಸುವುದು 30 ಡಿಗ್ರಿ ಉಷ್ಣಾಂಶಕ್ಕೆ. 40 ಡಿಗ್ರಿ ದಾಟುವ ನಮ್ಮ ಮೇ ತಿಂಗಳಲ್ಲಿ, ಪಡುವಣ ಬಿಸಿಲು ಹೊಡೆಯುವ ಗೋಡೆಯಲ್ಲಿ ಹೂತಿಟ್ಟ ಬಾಕ್ಸಿನೊಳಗೆ ಅವು ಬೇಗ ಬೀಳುವುದು ಸಹಜ. ಟರ್ಮಿನಲ್ ಸ್ಕ್ರೂ ಸಡಿಲವಾಗಿದ್ದರೆ ಅಲ್ಲಿನ ಕಾವೂ ಸೇರಿ, ಲೋಡ್ ಮಿತಿಯಲ್ಲಿದ್ದರೂ ಎಂಸಿಬಿ ಬೀಳುತ್ತದೆ. ಅಂಥ ಕಡೆ ತಂತಿಯ ತುದಿ ಸಾಮಾನ್ಯವಾಗಿ ಕಪ್ಪಾಗಿರುತ್ತದೆ. ಸ್ಕ್ರೂ ಬಿಗಿಸಬೇಕಾದ ಜಾಗದಲ್ಲಿ ಎಂಸಿಬಿ ದೊಡ್ಡದು ಮಾಡುವುದೆಂದರೆ ಬೆಂಕಿಗೆ ದಾರಿ ಬಿಟ್ಟುಕೊಟ್ಟಂತೆ.

ಹೆಚ್ಚು ದಾರಿ ತಪ್ಪಿಸುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಅಷ್ಟೇ ಮರಳುತ್ತಿದೆಯೇ ಎಂದು ಅದು ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್ ಎಂದು ಬರೆದಿದ್ದರೂ ಈ ಎರಡರ ವ್ಯತ್ಯಾಸ 15 ದಾಟಿದ ಮೇಲೆ ಅದು ಯಾವಾಗ ಬೇಕಾದರೂ ಬೀಳಬಹುದು. ಕೂಲರ್ ಪಂಪು, ವರ್ಷದ ಬಹುಪಾಲು ಮೂಲೆಯಲ್ಲಿದ್ದು ತೇವ ಹಿಡಿದ ಗೀಸರ್ ಕಾಯಿಲ್, ಮಾಳಿಗೆ ಸೋರಿ ನೀರು ಇಳಿದ ಪೈಪು, ಇವೆಲ್ಲವೂ ಒಂದಿಷ್ಟು ಕರೆಂಟ್ ಸೋರಿಸಿದರೆ ಯಾವ ಒಂದು ವಸ್ತುವೂ ಕೆಟ್ಟಿರದೆ ಮೊತ್ತ ಮಿತಿ ಮೀರುತ್ತದೆ. ಇದಕ್ಕಿಂತಲೂ ಕಷ್ಟದ್ದು ಗೋಡೆಯೊಳಗೆ ಎಲ್ಲೋ ನ್ಯೂಟ್ರಲ್ ತಂತಿ ಸಿಪ್ಪೆ ಸುಲಿದು ಅರ್ಥ್‌ಗೆ ತಾಗುವುದು. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಇರುವ ವೋಲ್ಟೇಜ್ ತೀರ ಕಡಿಮೆಯಾದ್ದರಿಂದ ಲೋಡ್ ಇಲ್ಲದಾಗ ಏನೂ ಆಗುವುದಿಲ್ಲ. ಇಸ್ತ್ರಿಪೆಟ್ಟಿಗೆಯೋ ಗೀಸರೋ ಓಡಿದಾಗ ಕರೆಂಟಿನ ಒಂದು ಪಾಲು ಅರ್ಥ್ ಹಿಡಿದು ಹೋಗಿ ಆರ್‌ಸಿಸಿಬಿ ಬೀಳುತ್ತದೆ, ಅಪವಾದ ಇಸ್ತ್ರಿಪೆಟ್ಟಿಗೆಯ ಮೇಲೆ ಬರುತ್ತದೆ. ಸಿಂಗಲ್ ಪೋಲ್ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ. ಹಾಗಾಗಿ ಎಲ್ಲ ಎಂಸಿಬಿ ಇಳಿಸಿದರೂ ಈ ದೋಷ ಲೈನಿನಲ್ಲೇ ಉಳಿದಿರುತ್ತದೆ. ಸ್ವಿಚ್ ಆರಿಸಿ ನೋಡುವ ಪರೀಕ್ಷೆ ಇದೇ ಕಾರಣಕ್ಕೆ ಸಾಲದು, ಪ್ಲಗ್‌ಗಳನ್ನು ಪೂರ್ತಿ ಕಿತ್ತೇ ನೋಡಬೇಕು. ಆಮೇಲೆ ಇನ್ವರ್ಟರ್ ಹಾಕಿಸಿದ ಮನೆಗಳಲ್ಲಿ ಒಂದು ಲೈನಿನ ನ್ಯೂಟ್ರಲ್ ಇನ್ನೊಂದಕ್ಕೆ ಸೇರಿಕೊಂಡಿರುವುದುಂಟು. ಅಲ್ಲಿ ತಂತಿಯೂ ಚೆನ್ನಾಗಿರುತ್ತದೆ, ವಸ್ತುವೂ ಚೆನ್ನಾಗಿರುತ್ತದೆ, ಜೋಡಣೆ ಮಾತ್ರ ತಪ್ಪಿರುತ್ತದೆ.

ಇಂಥ ದೋಷವನ್ನು ಕಣ್ಣಳತೆಯಿಂದಾಗಲಿ ಟೆಸ್ಟರ್‌ನಿಂದಾಗಲಿ ಹಿಡಿಯಲಾಗದು. ಮೇನ್ ಆರಿಸಿ, ಎಲೆಕ್ಟ್ರಾನಿಕ್ ವಸ್ತುಗಳನ್ನೆಲ್ಲ ಬಿಡಿಸಿ, ನ್ಯೂಟ್ರಲ್ ಬಾರ್‌ನಿಂದ ಒಂದೊಂದೇ ತಂತಿ ಕಳಚಿ, ಪ್ರತಿ ಸರ್ಕ್ಯೂಟಿನ ಫೇಸ್ ಮತ್ತು ನ್ಯೂಟ್ರಲ್ ಅನ್ನು ಅರ್ಥ್‌ಗೆ ಎದುರಾಗಿ 500 ವೋಲ್ಟ್ ಮೆಗ್ಗರ್‌ನಿಂದ (ತಂತಿಯ ಸಿಪ್ಪೆ ಕರೆಂಟನ್ನು ಎಷ್ಟು ತಡೆಯುತ್ತದೆ ಎಂದು ತೋರಿಸುವ ಉಪಕರಣ) ಅಳೆಯಬೇಕು; ಕನಿಷ್ಠ ಒಂದು ಮೆಗಾಓಮ್ ತಡೆ ಬರಬೇಕು. ಇದು ಪರವಾನಗಿ ಇರುವವರ ಕೆಲಸ, ಮನೆಯವರು ಕೈಹಾಕುವಂಥದ್ದಲ್ಲ. ಮನೆಯವರು ಮಾಡಬಹುದಾದದ್ದು, ಬಿದ್ದದ್ದು ಎಂಸಿಬಿಯೋ ಆರ್‌ಸಿಸಿಬಿಯೋ, ಎಷ್ಟು ಹೊತ್ತಿಗೆ, ಆಗ ಏನೇನು ಓಡುತ್ತಿತ್ತು, ಹಿಂದಿನ ರಾತ್ರಿ ಮಳೆ ಬಂದಿತ್ತೇ ಎಂದು ಒಂದು ಚೀಟಿಯಲ್ಲಿ ಬರೆದಿಡುವುದು. ಎಷ್ಟೋ ಸಲ ಆ ಚೀಟಿಯೇ ಅರ್ಧ ಕೆಲಸ ಮುಗಿಸುತ್ತದೆ.

ಆದರೆ ಈ ಹುಡುಕಾಟಕ್ಕೆ ಅರ್ಧ ದಿನವಾದರೂ ಬೇಕು. ಹೊಸ ಎಂಸಿಬಿ ಹಾಕಿದರೆ ತಕರಾರಿಲ್ಲದೆ ದುಡ್ಡು ಕೊಡುವ ನಾವು, ಮಧ್ಯಾಹ್ನವೆಲ್ಲ ತಂತಿ ಕಳಚಿ ಅಳೆದು ಒಂದು ಸ್ಕ್ರೂ ಬಿಗಿಸಿ ಹೋದವರಿಗೆ ‘ಏನು ಮಾಡಿದಿರಿ?’ ಎಂದು ಕೇಳುತ್ತೇವೆ. ಹೀಗಿರುವಾಗ ಮೆಗ್ಗರ್ ಕೊಳ್ಳುವ ಉತ್ಸಾಹ ಯಾರಿಗಾದರೂ ಹೇಗೆ ಬಂದೀತು? ಸಾಮಾನಿನ ಬೆಲೆಯನ್ನು ಬಿಟ್ಟು ಪರೀಕ್ಷೆಗೆಂದೇ ಪ್ರತ್ಯೇಕ ಕೂಲಿ ಕೊಡುವ ಪದ್ಧತಿ ನಮ್ಮ ಊರಿನಲ್ಲಿ ಬರಬೇಕು.

ಇನ್ನೊಂದು ಮನವಿ ಗುತ್ತಿಗೆದಾರರಿಗೆ ಮತ್ತು ವಿದ್ಯುತ್ ಪರಿವೀಕ್ಷಣಾಲಯದ ಅಧಿಕಾರಿಗಳಿಗೆ. ಹೊಸ ಸಂಪರ್ಕಕ್ಕೆ ಕೊಡುವ ವೈರಿಂಗ್ ಪರೀಕ್ಷಾ ವರದಿಯ ಒಂದು ಪ್ರತಿ, ಅಳತೆಯ ಅಂಕಿಗಳ ಸಮೇತ, ಮನೆಯ ಮಾಲೀಕರ ಕೈಗೂ ಸೇರುವಂತಾಗಲಿ. ಯಾವ ಎಂಸಿಬಿ ಯಾವ ಕೋಣೆಯದು, ಅದರ ಹಿಂದಿನ ತಂತಿ ಎಷ್ಟು ಚದರ ಮಿ.ಮೀ. ಎಂಬ ಪಟ್ಟಿಯನ್ನು ಡಿಬಿ ಬಾಕ್ಸಿನ ಬಾಗಿಲ ಒಳಬದಿಗೆ ಅಂಟಿಸುವುದನ್ನು ಕಡ್ಡಾಯವಾಗಿ ಪಾಲಿಸಲಿ.

– ಓರ್ವ ಓದುಗ, ರಾಯಚೂರು