ಗಂಟೆ ಲೆಕ್ಕದ ಬ್ರೌಸಿಂಗ್ ನಿಲ್ಲಿಸುತ್ತಿದ್ದೇವೆ: ಗ್ರಾಹಕರಿಗೆ ಒಂದು ಪತ್ರ

ಸರಸ್ವತಿಪುರಂ, ಮೈಸೂರು

ಮಾನ್ಯ ಗ್ರಾಹಕರೇ,

ಈ ಸಲದ ವಿಜಯದಶಮಿಯ ಮರುದಿನದಿಂದ ನಮ್ಮ ಬ್ರೌಸಿಂಗ್ ಸೆಂಟರ್‌ನಲ್ಲಿ ಗಂಟೆ ಲೆಕ್ಕದ ಇಂಟರ್ನೆಟ್ ಇರುವುದಿಲ್ಲ. ಆಯುಧಪೂಜೆಯನ್ನು ಎಂದಿನಂತೆ ಎಲ್ಲ ಕಂಪ್ಯೂಟರ್‌ಗಳಿಗೂ ಮಾಡಿ, ಆಮೇಲೆ ಕ್ಯಾಬಿನ್‌ಗಳನ್ನು ಬಿಚ್ಚಿಸುತ್ತೇವೆ. ಅಂಗಡಿ ಮುಚ್ಚುತ್ತಿಲ್ಲ. ಜೆರಾಕ್ಸ್, ಪ್ರಿಂಟ್, ಸ್ಕ್ಯಾನ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ ತುಂಬುವ ಕೆಲಸ ಎಲ್ಲವೂ ಇದೇ ಜಾಗದಲ್ಲಿ ಮುಂದುವರಿಯುತ್ತವೆ. ‘ಮುಚ್ಚುತ್ತೀರಂತೆ’ ಎಂದು ಕೇಳಿಕೊಂಡು ಬಂದವರಿಗೆ ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ ಈ ಪತ್ರ.

ಕಾರಣ ನಿಮಗೂ ಗೊತ್ತಿರುವುದೇ. 2016ರ ಸೆಪ್ಟೆಂಬರ್‌ನಿಂದ ಮೊಬೈಲ್ ಡೇಟಾ ಅಗ್ಗವಾಗುತ್ತಾ ಹೋದಂತೆ ಕ್ಯಾಬಿನ್‌ಗಳು ಖಾಲಿಯಾಗುತ್ತಾ ಬಂದವು. ಈಗ ಬರುವವರು ಸಿಇಟಿ ಅರ್ಜಿಗೆ, ವಿದ್ಯಾರ್ಥಿವೇತನಕ್ಕೆ, ಪಹಣಿಗೆ, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಬರುತ್ತಾರೆ. ಅವರಿಗೆ ಬೇಕಾಗಿರುವುದು ಮರೆಯಲ್ಲ, ಪಕ್ಕದಲ್ಲಿ ಕುಳಿತು ‘ಓಟಿಪಿ ಬಂತಾ ಅಮ್ಮ, ನೋಡಿ’ ಎನ್ನುವ ಒಬ್ಬರು. ಒಬ್ಬರು ಕೂರುವ ಕ್ಯಾಬಿನ್ನಿನಲ್ಲಿ ತಾಯಿ, ಮಗಳು, ನಮ್ಮ ಹುಡುಗ ಮೂವರೂ ತೂರಿಕೊಂಡು ಅರ್ಜಿ ತುಂಬುವುದನ್ನು ನೋಡಿದ ಮೇಲೆ ಪ್ಲೈವುಡ್ ತೆಗೆಸುವುದೇ ಸರಿ ಎನ್ನಿಸಿತು. ಅಲ್ಲಿ ಉದ್ದನೆಯ ಮೇಜೊಂದು ಬರುತ್ತದೆ. ಹಾಗೆ ನೋಡಿದರೆ ಆ ಪ್ಲೈವುಡ್ ಪೂರ್ತಿ ಉಳಿದಿರಲೂ ಇಲ್ಲ. ಕ್ಯಾಬಿನ್ ಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರದು ಎಂದು 2011ರಲ್ಲಿ ಕೇಂದ್ರದ ನಿಯಮ ಬಂದಾಗ ಬಡಗಿಯನ್ನು ಕರೆಸಿ ಕೊಯ್ಯಿಸಿದ್ದೆವು. ಆ ಅಂಚು ಇಂದಿಗೂ ತೋಳಿಗೆ ತರಚುತ್ತದೆ.

ಬಾಗಿಲಿಗೆ ಸೂಚನೆ ಅಂಟಿಸಿದ ಮೇಲೆ ನಾವು ನಿರೀಕ್ಷಿಸದ ಒಂದು ಸಂಗತಿ ನಡೆಯಿತು. ಹಳೆಯ ಸದಸ್ಯರು ಬರತೊಡಗಿದರು. ಕೆಲವರ ಕೂದಲು ನರೆತಿದೆ, ಕೆಲವರ ಜೊತೆ ಕಾಲೇಜಿಗೆ ಹೋಗುವ ಮಕ್ಕಳಿದ್ದಾರೆ. ಸ್ಟೂಲ್ ಎಳೆದುಕೊಂಡು ಕುಳಿತರೆ ಏಳುವುದಿಲ್ಲ. ಮಾತೆಲ್ಲ ಗೆಳೆಯರ ಜಾಲತಾಣ ಆರ್ಕುಟ್, ಹರಟೆಯ ಯಾಹೂ ಮೆಸೆಂಜರ್, ಇಮೇಲ್‌ನಲ್ಲೇ ಚರ್ಚೆ ನಡೆಯುತ್ತಿದ್ದ ಕನ್ನಡದ ಯಾಹೂ ಗುಂಪುಗಳ ಕಾಲದ್ದು. ಕನ್ನಡದಲ್ಲಿ ಒಂದು ಸಾಲು ಬರೆದು ಕಳುಹಿಸುವುದೇ ಆಗ ಸಾಹಸವಾಗಿತ್ತು. ‘ನುಡಿ’ ಇಲ್ಲವೇ ‘ಬರಹ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದವರು ತೆರೆದರೆ ಕಾಣುತ್ತಿದ್ದುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು. ಹಾಗಾಗಿ ಹನಿಗವನವನ್ನೂ ಚಿತ್ರವಾಗಿ ಮಾಡಿ ಲಗತ್ತಿಸುತ್ತಿದ್ದರು. ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಬಂತು, ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಯುನಿಕೋಡ್ ಬಂತು; ಆದರೆ ಒತ್ತಕ್ಷರ ಸರಿಯಾಗಿ ಕೂರಬೇಕಾದರೆ ಸಿಡಿ ಹಾಕಿ ಭಾಷೆಯ ಕಡತಗಳನ್ನು ಬೇರೆಯಾಗಿ ಅಳವಡಿಸಬೇಕಿತ್ತು. ಒಂದೊಂದು ಕಂಪ್ಯೂಟರ್‌ಗೂ ಅದನ್ನು ಮಾಡಿಸಿದ್ದು ನಮ್ಮ ಗ್ರಾಹಕರ ಕಾಟ. ‘ನಿಮ್ಮ ಅಂಗಡಿಯಲ್ಲಿ ಕನ್ನಡ ಬರುವುದಿಲ್ಲವಾದರೆ ಬೇರೆ ಕಡೆ ಹೋಗುತ್ತೇವೆ’ ಎಂದು ಗಲ್ಲಾದ ಮುಂದೆ ನಿಂತು ಹೇಳಿದವರು ಈಗ ನಿವೃತ್ತ ಮೇಷ್ಟ್ರು. ಮೊನ್ನೆ ಬಂದು ಅದನ್ನೇ ನಗುತ್ತಾ ನೆನಪಿಸಿದರು.

ರಾತ್ರಿ ಅಂಗಡಿ ಮುಚ್ಚುವುದಕ್ಕೆ ಬಿಡದವರ ಗುಂಪೊಂದಿತ್ತು. ನಮಗೆ ಒಂಬತ್ತೂವರೆ ಆದಾಗ ಕ್ಯಾಲಿಫೋರ್ನಿಯಾದ ಕನ್ನಡಿಗರು ಬೆಳಗಿನ ಕಾಫಿ ಮುಗಿಸಿ ಕಂಪ್ಯೂಟರ್ ತೆರೆಯುವ ಹೊತ್ತು. ಯಾಹೂ ಗುಂಪುಗಳಲ್ಲಿ ಚರ್ಚೆ ಕಾವೇರುತ್ತಿದ್ದುದು ಆಗಲೇ. ಪದವೊಂದರ ಕಾಗುಣಿತಕ್ಕೆ ವಾರಗಟ್ಟಲೆ ಜಗಳ, ಕೊನೆಗೆ ಸಂಧಾನ, ಮತ್ತೆ ಬೇರೆ ಪದ. ಶಟರ್ ಅರ್ಧ ಎಳೆದು ‘ಸಾಕು ಬನ್ನಿ ಸಾರ್’ ಎಂದರೆ ‘ಇದೊಂದಕ್ಕೆ ಉತ್ತರ ಕೊಟ್ಟುಬಿಡುತ್ತೇನೆ’ ಎಂಬ ಉತ್ತರ ಬರುತ್ತಿತ್ತು. ಕರೆಂಟು ಹೋಗಿ ಯುಪಿಎಸ್ ಕೂಗತೊಡಗಿದರೆ ಮಾತ್ರ ಎಲ್ಲರೂ ಒಟ್ಟಿಗೆ ಮೌನವಾಗಿ ಟೈಪ್ ಮಾಡುತ್ತಿದ್ದರು.

ಮಾನಸಗಂಗೋತ್ರಿಯಲ್ಲಿ ಓದುತ್ತಿದ್ದ ಇರಾನಿನ ವಿದ್ಯಾರ್ಥಿಗಳ ಬಗ್ಗೆ ಹಳಬರೆಲ್ಲ ಕೇಳುತ್ತಾರೆ. ಅವರ ಹೊಸ ವರ್ಷ ನೌರೋಜ್ ಹುಟ್ಟುವುದು ಸೂರ್ಯ ವಿಷುವತ್ತನ್ನು ದಾಟುವ ಗಳಿಗೆಯಲ್ಲಿ; ಆ ಗಳಿಗೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 2007ರಲ್ಲಿ ಅದು ಮಾರ್ಚ್ 21ರ ಬೆಳಗಿನ ಐದೂವರೆ ದಾಟಿದ ಮೇಲೆ ಬಂತು. ಮನೆಯವರೊಡನೆ ವೆಬ್‌ಕ್ಯಾಮ್ ಮುಂದೆ ಕೂರಬೇಕೆಂದು ಕೇಳಿಕೊಂಡಿದ್ದರಿಂದ ಕತ್ತಲಿರುವಾಗಲೇ ಶಟರ್ ಎತ್ತಿದೆವು. ಕೀಬೋರ್ಡ್ ಪಕ್ಕದಲ್ಲಿ ಸೇಬು, ಬೆಳ್ಳುಳ್ಳಿ, ವಿನಿಗರ್, ನಾಣ್ಯ ಇಟ್ಟುಕೊಂಡರು. ಬೆಳ್ಳುಳ್ಳಿ ಯಾಕೆಂದು ಕೇಳಿದಾಗ ಅವರ ಭಾಷೆಯಲ್ಲಿ ‘ಸ’ಕಾರದಿಂದ ಶುರುವಾಗುವ ಏಳು ವಸ್ತುಗಳನ್ನು ಇಡುವ ಪದ್ಧತಿ ಎಂದು ವಿವರಿಸಿದರು. ಅದೇ ವಾರ ನಮ್ಮ ಯುಗಾದಿ. ಮನೆಯಿಂದ ತಂದ ಒಬ್ಬಟ್ಟು ಅವರಿಗೂ ಸಿಕ್ಕಿತು.

‘ಆ ಕಾಲವೇ ಚೆನ್ನಾಗಿತ್ತು’ ಎಂದು ಎಲ್ಲರೂ ತಲೆಯಾಡಿಸುತ್ತಿದ್ದಾಗ ಒಬ್ಬ ಹಳೆಯ ಸದಸ್ಯೆ ತಡೆದರು. ಗಲ್ಲಾಕ್ಕೆ ಹತ್ತಿರದ ಕ್ಯಾಬಿನ್ ಖಾಲಿ ಇಲ್ಲದಿದ್ದರೆ ಅವರು ವಾಪಸ್ ಹೋಗುತ್ತಿದ್ದರಂತೆ. ಆರ್ಕುಟ್‌ನಲ್ಲಿ ಸ್ವಂತ ಹೆಸರು ಹಾಕಿದ ವಾರದೊಳಗೆ ಗುರುತಿಲ್ಲದವರ ‘ಗೆಳೆತನ ಮಾಡುತ್ತೀರಾ’ ಸ್ಕ್ರ್ಯಾಪ್‌ಗಳು ತುಂಬಿಹೋಗಿ, ಆಮೇಲೆ ಗಂಡಸಿನ ಹೆಸರಿನಲ್ಲೇ ಬರೆದರಂತೆ. ‘ಕಥೆ ಮೆಚ್ಚಿಕೊಂಡು ನನ್ನನ್ನು ಅಣ್ಣಾ ಎಂದವರು ಇಲ್ಲೇ ಯಾರಾದರೂ ಇರಬೇಕು’ ಎಂದರು. ಯಾರೂ ಒಪ್ಪಿಕೊಳ್ಳಲಿಲ್ಲ! ಆ ಕಾಲದ ಲೆಕ್ಕ ಬರೆಯುವಾಗ ಅವರ ಮಾತನ್ನೂ ಸೇರಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ಎಲ್ಲರೂ ಕೇಳುವ ಇನ್ನೊಂದು ಪ್ರಶ್ನೆ: ಬರೆದದ್ದೆಲ್ಲ ಎಲ್ಲಿ ಹೋಯಿತು? ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ನಿಂತಿತು, ಯಾಹೂ ಮೆಸೆಂಜರ್ 2018ರ ಜುಲೈಯಲ್ಲಿ, ಯಾಹೂ ಗುಂಪುಗಳು 2020ರ ಡಿಸೆಂಬರ್‌ನಲ್ಲಿ. ನಮ್ಮ ಕಂಪ್ಯೂಟರ್‌ಗಳಲ್ಲಿ ಅವುಗಳ ಪ್ರತಿ ಇಲ್ಲ. ನಿಮ್ಮ ಪಾಸ್‌ವರ್ಡ್‌ಗಳೂ ನಮ್ಮಲ್ಲಿಲ್ಲ, ಎಂದೂ ಇರಲಿಲ್ಲ. ಉಳಿದಿರುವುದು ಪ್ರಿಂಟ್ ತೆಗೆಸಿಕೊಂಡವರ ಹತ್ತಿರ. ಒಬ್ಬರು ರಟ್ಟಿನ ಫೈಲ್ ತುಂಬ ಹಳೆಯ ಗುಂಪಿನ ಪತ್ರಗಳನ್ನು ತಂದಿದ್ದರು. ಪ್ರತಿ ಹಾಳೆಯ ಎಡ ಅಂಚಿನಲ್ಲಿ ಮೇಲಿನಿಂದ ಕೆಳಗೆ ಸಣ್ಣ ಕಪ್ಪು ಗೆರೆ, ನಮ್ಮ ಆಗಿನ ಪ್ರಿಂಟರ್ ಡ್ರಮ್ಮಿನ ಗೀರು. ಇಂಥ ಹಾಳೆಗಳು ನಿಮ್ಮಲ್ಲಿದ್ದರೆ ತನ್ನಿ, ಸ್ಕ್ಯಾನ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಡುತ್ತೇವೆ, ಹಣ ಬೇಡ. ಇಲ್ಲಿ ಕುಳಿತು ಜಿಮೇಲ್ ಖಾತೆ ತೆರೆದು ಮರೆತವರು ಒಮ್ಮೆ ಲಾಗಿನ್ ಆಗಿ ನೋಡಿ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸತೊಡಗಿದೆ.

ಇನ್ನು ವ್ಯವಹಾರ. ಗಂಟೆ ಕಾರ್ಡಿನಲ್ಲಿ ಬಾಕಿ ಉಳಿಸಿಕೊಂಡವರು ದೀಪಾವಳಿಯೊಳಗೆ ಹಣ ವಾಪಸ್ ಪಡೆಯಬಹುದು, ಅಥವಾ ಅದೇ ಮೊತ್ತಕ್ಕೆ ಪ್ರಿಂಟ್ ತೆಗೆಸಿಕೊಳ್ಳಬಹುದು. ಕಾರ್ಡ್ ಕಳೆದಿದ್ದರೂ ಚಿಂತೆಯಿಲ್ಲ, ನಮ್ಮ ಪುಸ್ತಕದಲ್ಲಿ ಬರೆದಿದೆ. ಬಿಟ್ಟುಹೋದ ಸಿಡಿ, ಪೆನ್‌ಡ್ರೈವ್‌ಗಳು ಗಲ್ಲಾದ ಕೆಳಗಿನ ಡಬ್ಬದಲ್ಲಿವೆ. ದೀಪಾವಳಿಯ ನಂತರ ಉಳಿದವನ್ನು ಒಡೆದು ಹಾಕುತ್ತೇವೆ. ತೆಗೆಯುವ ಕಂಪ್ಯೂಟರ್‌ಗಳ ಹಾರ್ಡ್ ಡಿಸ್ಕ್‌ಗಳಿಗೂ ಅದೇ ಗತಿ. ಸಹಿ ಮಾಡಿದ ಹಳೆಯ ರಿಜಿಸ್ಟರ್‌ಗಳನ್ನು ನೆನಪಿಗಾಗಿ ಕೊಡಿ ಎಂದು ಕೆಲವರು ಕೇಳಿದ್ದಾರೆ. ಕೊಡುವುದಿಲ್ಲ. ನಿಮ್ಮ ಸಹಿಯ ಮೇಲೂ ಕೆಳಗೂ ಬೇರೆಯವರ ವಿಳಾಸ, ಫೋನ್ ನಂಬರ್ ಇವೆ. ದಾಖಲೆಯನ್ನು ಕನಿಷ್ಠ ಒಂದು ವರ್ಷ ಇಡಬೇಕೆಂಬ ನಿಯಮವಿರುವುದರಿಂದ ಇತ್ತೀಚಿನದನ್ನು ಮಾತ್ರ ಬೀಗ ಹಾಕಿ ಇಟ್ಟು, ಹಳೆಯದನ್ನು ನಮ್ಮ ಕಣ್ಣೆದುರೇ ಚೂರು ಮಾಡಿಸುತ್ತೇವೆ.

ಹೊಸ ಮೇಜಿನ ಒಂದು ತುದಿಯಲ್ಲಿ ಎರಡು ಕಂಪ್ಯೂಟರ್‌ಗಳನ್ನು ಉಳಿಸಿಕೊಳ್ಳುತ್ತಿದ್ದೇವೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ವಿದ್ಯಾರ್ಥಿಗಳು ಪ್ರಾಜೆಕ್ಟ್ ಕೆಲಸಕ್ಕೆ ಬಳಸಬಹುದು. ಶನಿವಾರ ಸಂಜೆ ಅವು ಹಳೆಯ ಸದಸ್ಯರ ವಶ: ಕನ್ನಡ ಟೈಪಿಂಗ್ ಕಲಿಸುತ್ತೇವೆ, 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೆ ಬರೆಯುವುದನ್ನು ಹೇಳಿಕೊಡುತ್ತೇವೆ ಎಂದು ಅವರೇ ಮುಂದೆ ಬಂದಿದ್ದಾರೆ. ಶುಲ್ಕವಿಲ್ಲ. ಬರುವವರು ಗಲ್ಲಾದಲ್ಲಿ ಹೆಸರು ಬರೆಸಿ. ಒಂಬತ್ತೂವರೆಗೆ ಮಾತ್ರ ಶಟರ್ ಎಳೆಯುತ್ತೇವೆ, ಕ್ಯಾಲಿಫೋರ್ನಿಯಾದವರು ಕಾಯುತ್ತಿದ್ದರೂ ಸರಿ.

ಇತಿ ತಮ್ಮ ವಿಶ್ವಾಸಿಗಳು,
ಬ್ರೌಸಿಂಗ್ ಸೆಂಟರ್‌ನ ಪಾಲುದಾರರು