ಮುಖ ಸಾಕು ಅಂದ ಹುಡುಗಿಗೆ

ನವೆಂಬರ್ ಬಂತೆಂದರೆ ನನಗೆ ತಲೆನೋವು. ಬದುಕಿದ್ದೇನೆ ಅಂತ ಪಿಂಚಣಿಗೆ ಪ್ರಮಾಣಪತ್ರ ಕೊಡಬೇಕಲ್ವಾ, ತೋಟದ ಕೆಲಸದಲ್ಲಿ ಸವೆದ ಬೆರಳನ್ನು ಯಂತ್ರ ಗುರುತಿಸುವುದೇ ಇಲ್ಲ. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಅಂಗಡಿಯೊಂದರಲ್ಲಿ ಈ ಸಲವೂ ಹಾಗೇ ಆಯಿತು.

ಜೆರಾಕ್ಸ್‌ಗೆ ನಿಂತಿದ್ದ ಹುಡುಗಿಯೊಬ್ಬಳು, 'ಅಜ್ಜ, ಬೆರಳು ಬೇಡ, ಮುಖ ಸಾಕು' ಎಂದಳು. ಮುಖ ತೋರಿಸಿ ಪ್ರಮಾಣಪತ್ರ ಕೊಡೋದು 2021ರಿಂದಲೇ ಇದೆಯಂತೆ, ನನಗೆ ಯಾರೂ ಹೇಳಿರಲಿಲ್ಲ! ನನ್ನ ಫೋನಿಗೇ ಎರಡು ಆಪ್ ಹಾಕಿಸಿದಳು: ಪ್ರಮಾಣಪತ್ರಕ್ಕೆ ಜೀವನ್ ಪ್ರಮಾಣ್, ಮುಖ ಗುರುತಿಸಲು ಆಧಾರ್ ಫೇಸ್ ಆರ್‌ಡಿ. ಹಾಕಲಿಲ್ಲ, ಹಾಕಿಸಿದಳು. ಒತ್ತಿದ್ದೆಲ್ಲ ನಾನೇ. ಒಟಿಪಿ ಬಂದಾಗ ಜೋರಾಗಿ ಓದಲು ಹೋದೆ. 'ನನಗೂ ಹೇಳ್ಬೇಡಿ' ಎಂದು ಆಚೆ ತಿರುಗಿ ನಿಂತಳು. ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿದೆ, ಮುಗಿಯಿತು.

ಹೆಸರು ಕೇಳುವಷ್ಟರಲ್ಲಿ ಕಡೂರು ಬಸ್ಸಿಗೆ ಓಡಿಬಿಟ್ಟಳು. ತುಂಬಾ ಥ್ಯಾಂಕ್ಸ್ ಮಗಳೇ. ನಿನ್ನೆ ಪಕ್ಕದ ಮನೆಯ ಮೇಷ್ಟ್ರಿಗೆ ನಾನೂ ಹಾಕಿಸಿದೆ. ಒಟಿಪಿ ಬಂದಾಗ ಆಚೆ ತಿರುಗಿ ನಿಂತೆ.